ಮೌನಕ್ಕೂ ಒಂದು ನಂಬರು

2023ರ ಮಾರ್ಚ್ 14, ಮಂಗಳವಾರ. ಬೆಳಿಗ್ಗೆ 11 ಗಂಟೆ 20 ನಿಮಿಷ.

"ಯಾರದು?"

ಕೋಣೆಯಲ್ಲಿದ್ದ ಮೂವತ್ತೆರಡು ಜನರೂ ಕಲ್ಲಾದರು.

"ಟಕ್ ಅಂತು. ಪೆನ್ನು. ಯಾರದು ಅಂತ ಕೇಳ್ತಿದ್ದೀನಿ!"

ಅವಳ ಹೆಬ್ಬೆರಳು ಇನ್ನೂ ಪೆನ್ನಿನ ಗುಂಡಿಯ ಮೇಲೇ ಇತ್ತು...

ಅವಳು ಈ ಸಿನಿಮಾಕ್ಕೆ ಅಂದೇ ಬೆಳಿಗ್ಗೆ ಸೇರಿದ್ದಳು. ಕಂಟಿನ್ಯುಟಿ ಅವಳ ಕೆಲಸ. ಒಂದು ಶಾಟ್‌ನಲ್ಲಿ ಲೋಟದಲ್ಲಿ ಅರ್ಧ ನೀರಿದ್ದರೆ ಮುಂದಿನ ಶಾಟ್‌ನಲ್ಲೂ ಅರ್ಧವೇ ಇರುವಂತೆ ನೋಡಿಕೊಳ್ಳಬೇಕು. ಎಲ್ಲವನ್ನೂ ಬರೆದಿಡಬೇಕು. ಪೆನ್ನಿಲ್ಲದ ಅವಳ ಕೈಯನ್ನು ಮನೆಯಲ್ಲಿ ಅಕ್ಕ ಕೂಡ ನೋಡಿರಲಿಲ್ಲ.

"ನಂದೇ... ಸಾರಿ. ಅಭ್ಯಾಸ."

ಹೆಡ್‌ಫೋನ್ ಕಿವಿಯಿಂದ ಕೆಳಗಿಳಿಸಿ ಅವನು ಅವಳನ್ನು ನೋಡಿದ. ಶಬ್ದ ಮುದ್ರಿಸುವವನು. ಶೂಟಿಂಗ್ ನಡೆಯುವ ಪ್ರತಿ ಕೋಣೆಯಲ್ಲೂ ಮೂವತ್ತು ಸೆಕೆಂಡು ಎಲ್ಲರನ್ನೂ ಅಲುಗಾಡದಂತೆ ನಿಲ್ಲಿಸಿ, ಬರೀ ಮೌನವನ್ನು ರೆಕಾರ್ಡ್ ಮಾಡಿಕೊಳ್ಳುತ್ತಿದ್ದ. ಮಾತುಗಳ ನಡುವಿನ ಖಾಲಿ ಜಾಗಕ್ಕೆ ಆಮೇಲೆ ಅದನ್ನೇ ತುಂಬುತ್ತಾರೆ. ಅದಕ್ಕೇ ಸೆಟ್‌ನಲ್ಲಿ ಅವನಿಗೆ 'ಮೌನಿ' ಎಂಬ ಹೆಸರು ಬಿದ್ದಿತ್ತು.

"ಒಂದು ಒಳ್ಳೇ ಮೌನ ಹಾಳಾಯ್ತು," ಎಂದ ಅವನು, ಯಾರೋ ತೀರಿಹೋದವರ ಸುದ್ದಿ ಹೇಳುವಂತೆ.

'ಮೌನ ಹಾಳಾಯ್ತಂತೆ! ಏನು ಜಂಭ!' ಅವಳ ಕಿವಿ ಬಿಸಿಯಾಯಿತು.

"ಬಿಡೋ ಮೌನಿ," ಮೇಜಿನ ಹಿಂದಿನಿಂದ ಹಿರಿಯ ನಟರ ದನಿ. ಎಲ್ಲರೂ ಅವರನ್ನು ಮಾವ ಎನ್ನುತ್ತಿದ್ದರು. "ಹುಡುಗಿಗೆ ಇವತ್ತು ಮೊದಲನೇ ದಿನ. ನಾಳೆ ನನ್ನ ಮೊಣಕಾಲು ಟಕ್ ಅಂದ್ರೆ ನನ್ನೂ ಬೈತೀಯಾ?"

"ನಿಮ್ಮ ಮೊಣಕಾಲು ಸ್ಕ್ರಿಪ್ಟಲ್ಲೇ ಇದೆ ಮಾವ."

ಸೆಟ್ಟಿಗೆ ಸೆಟ್ಟೇ ನಕ್ಕಿತು. ಅವಳೊಬ್ಬಳು ನಗಲಿಲ್ಲ.

ಅದಾದ ಹತ್ತು ನಿಮಿಷಕ್ಕೆ ಏಳನೇ ಟೇಕ್ ಶುರುವಾಯಿತು... ಅವಳು ಅವನನ್ನೂ, ಅವಮಾನವನ್ನೂ ಮರೆತಳು.

ಸಿನಿಮಾ ಒಬ್ಬ ಮೇಷ್ಟರದು; ಆ ಪಾತ್ರ ಮಾವನದು. ಕೈ ಶುದ್ಧ, ಮಾತು ಶುದ್ಧ ಎಂದು ಜನ ಆರಿಸಿ ಕಳಿಸುತ್ತಾರೆ; ಮಂತ್ರಿಯಾಗುತ್ತಾನೆ. ಬಿರುಕು ಬಿಟ್ಟ ಸೇತುವೆಯೊಂದು ಸುಭದ್ರವಾಗಿದೆ ಎನ್ನುವ ಫೈಲು ಅವನ ಮೇಜಿಗೆ ಬರುತ್ತದೆ. ಯಾರೂ ಹೆದರಿಸುವುದಿಲ್ಲ. ಯಾರೂ ಎದುರಿಗೂ ಇಲ್ಲ. ಕುರ್ಚಿ ಉಳಿಯಬೇಕಾದರೆ ಸಹಿ ಬೇಕು, ಅಷ್ಟೇ.

ಅವಳು ತನ್ನ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು: 'ಟೇಕ್ 7. ಕನ್ನಡಕ ತೆಗೆಯುತ್ತಾರೆ. ಬಲಗೈ ಅಂಗೈಯನ್ನು ಪಂಚೆಗೆ ಒರೆಸುತ್ತಾರೆ, ಎರಡು ಸಲ. ಕೈ ಒದ್ದೆಯಿಲ್ಲ. ಮಸಿಪೆನ್ನಿನಲ್ಲಿ ಸಹಿ. ಆಮೇಲೆ ಫೈಲನ್ನು ಮೇಜಿನ ಅಂಚಿಗೆ ಸಮನಾಗಿ ಜೋಡಿಸುತ್ತಾರೆ.'

ಅಷ್ಟು ಬರೆದು ಅವಳ ಪೆನ್ನು ನಿಂತುಬಿಟ್ಟಿತು. ಒಳಗಿನದೆಲ್ಲ ಈಗಷ್ಟೇ ಕುಸಿದ ಮನುಷ್ಯ ಫೈಲನ್ನು ಎಷ್ಟು ಓರಣವಾಗಿ ಜೋಡಿಸಿದ! ಈ ಕೆಲಸಕ್ಕೆ ಬಂದ ಆರು ವರ್ಷಗಳಲ್ಲಿ ಇಂಥದ್ದನ್ನು ಅವಳು ಕಂಡಿರಲಿಲ್ಲ.

ತಲೆಯೆತ್ತಿದರೆ... ಮೂಲೆಯಲ್ಲಿ ಮೌನಿ ಕಣ್ಣು ಮುಚ್ಚಿ ಕೂತಿದ್ದ. ರೆಪ್ಪೆ ಒದ್ದೆಯಾಗಿತ್ತು.

'ಅಯ್ಯೋ, ಇವನಿಗೂ...'

ಆ ದಿನದಿಂದ ಅವಳ ಕೋಪ ಇಳಿಯತೊಡಗಿತು. ಎರಡು ವಾರ ಕಳೆಯುವಷ್ಟರಲ್ಲಿ ಅವನೇ ಹೆಡ್‌ಫೋನ್ ಅವಳ ಕೈಗಿತ್ತಿದ್ದ. "ಕೇಳಿ. ಇದು ಆಸ್ಪತ್ರೆ ವರಾಂಡದ ಮೌನ. ಇದು ಲೈಬ್ರರಿದು. ಎರಡೂ ಒಂದೇನಾ?"

ಒಂದೇ ಅಲ್ಲ! ಒಂದರಲ್ಲಿ ಯಾರೋ ಕಾಯುತ್ತಿದ್ದರು. ಇನ್ನೊಂದರಲ್ಲಿ ಯಾರೂ ಕಾಯುತ್ತಿರಲಿಲ್ಲ. ಅವಳು ಹಾಗೆಂದಾಗ ಅವನು ತುಂಬ ಹೊತ್ತು ಅವಳನ್ನೇ ನೋಡಿದ್ದ.

"ಇವತ್ತು ಮೌನಿ ಏನಂದ?" ಅಕ್ಕ ದಿನಾ ಸಂಜೆ ಕೇಳುವಳು.

"ಏನೂ ಅನ್ನಲಿಲ್ಲ."

"ಏನೂ ಅನ್ನದೆ ಇದ್ದಿದ್ದಕ್ಕೇ ಮುಖ ಇಷ್ಟು ಕೆಂಪಾಯ್ತಾ? ಮಾತಾಡಿಬಿಟ್ಟರೆ ಏನು ಗತಿಯಮ್ಮಾ!"

ಏಪ್ರಿಲ್ ಕೊನೆಯ ವಾರ. ನಿರ್ಮಾಣದ ಮ್ಯಾನೇಜರ್ ಅವಳನ್ನು ಆಫೀಸಿಗೆ ಕರೆಸಿದ. ಮೇಜಿನ ಮೇಲೆ ಟೈಪ್ ಮಾಡಿದ ಒಂದು ಹಾಳೆ.

"ಕೂತ್ಕೋಮ್ಮ. ಸಣ್ಣ ಕೆಲಸ. ಸಹಿ ಸೀನ್ ಮತ್ತೆ ಶೂಟ್ ಮಾಡ್ತಿದ್ದೀವಿ. ಈ ಸಲ ಮಂತ್ರಿ ಹಣೆಗೆ ಒಬ್ಬ ರೌಡಿ ಗನ್ ಇಟ್ಟಿರ್ತಾನೆ."

"ಗನ್ನಾ?! ಆಗ ಅವರು ತಪ್ಪು ಮಾಡಿದ ಹಾಗೇ ಆಗಲ್ವಲ್ಲ ಸಾರ್!"

"ಅದೇ ಬೇಕಾಗಿರೋದು. ಪ್ರೊಡ್ಯೂಸರ್ ಈ ಸಲ ಎಲೆಕ್ಷನ್‌ಗೆ ನಿಲ್ತಿದ್ದಾರೆ. ಮಂತ್ರಿ ತಾನಾಗೇ ಕೆಟ್ಟ ಅಂತ ತೋರಿಸಿದ್ರೆ ಪಾರ್ಟಿಯವರು ಸುಮ್ನಿರ್ತಾರಾ?" ಅವನು ಹಾಳೆಯನ್ನು ಮುಂದೆ ತಳ್ಳಿದ. "ಏಳನೇ ಟೇಕ್ ಟೆಕ್ನಿಕಲ್ಲಾಗಿ ಕೆಟ್ಟಿದೆ ಅಂತ ಒಂದು ಸಹಿ ಹಾಕು. ಹಾಗಿದ್ರೆ ಮಾತ್ರ ಮತ್ತೆ ನಟಿಸ್ತೀನಿ ಅಂತ ಆ ಮುದುಕ ಕರಾರಲ್ಲಿ ಬರೆಸಿಕೊಂಡಿದ್ದಾನೆ."

"ಆದ್ರೆ ಅದು ಕೆಟ್ಟಿಲ್ಲ..."

"ನಿನ್ನ ಮೌನೀನೇ ಬರ್ಕೊಟ್ಟಿದ್ದಾನೆ, ನೋಡು." ಮ್ಯಾನೇಜರ್ ಫೋನ್ ತಿರುಗಿಸಿದ. ಶಬ್ದದ ರಿಪೋರ್ಟಿನ ಒಂದೇ ಒಂದು ಸಾಲಿನ ಫೋಟೊ. '7. ಪೆನ್ನಿನ ಶಬ್ದ. ಬಳಸಲಾಗದು.' ಪಕ್ಕದಲ್ಲಿ ಅವನದೇ ಸಹಿ.

ಕಣ್ಣು ಒದ್ದೆ ಮಾಡಿಕೊಂಡು ಕೂತಿದ್ದ ಅವನೇನಾ? ಅದೇ ಟೇಕನ್ನು...?

"ನಾಳೆ ಸಹಿ ಹಾಕ್ತೀನಿ," ಎಂದು ಹಾಳೆ ಎತ್ತಿಕೊಂಡು ಹೊರಬಂದಳು.

ಮೌನಿ ವ್ಯಾನಿನ ಬಳಿ ಕೇಬಲ್ ಸುತ್ತುತ್ತಿದ್ದ.

"ಏಳನೇ ನಂಬರು ಬಳಸಲಾಗದು ಅಂತ ಬರೆದಿದ್ದು ನೀವೇನಾ?"

"ಹೌದು. ನಾನೇ."

"ಈಗಲೂ ಅದನ್ನ ತಿದ್ದಬಹುದು."

ಅವನ ಕೈ ನಿಂತಿತು. ಮುಖ ಬಾಡಿತು. "ನನ್ನ ಕಿವಿಗೆ ಏನು ಕೇಳಿಸ್ತೋ ಅದನ್ನ ಬರೆದಿದ್ದೀನಿ. ಯಾರಿಗೋಸ್ಕರಾನೂ ತಿದ್ದಲ್ಲ. ಅದ್ರಲ್ಲೂ... ನೀವು ಇದನ್ನ ಕೇಳ್ತೀರಿ ಅಂತ ನಾನು ಅಂದ್ಕೊಂಡಿರಲಿಲ್ಲ."

"ನೀವು ಹೀಗೆ ಅಂತ ನಾನೂ ಅಂದ್ಕೊಂಡಿರಲಿಲ್ಲ!"

ಅವಳು ತಿರುಗಿ ನೋಡದೆ ನಡೆದಳು.

ಮರುದಿನ ಬೆಳಿಗ್ಗೆ ಅಕ್ಕ ಕೆಲಸಕ್ಕೆ ಹೋದ ಮೇಲೆ ಅವಳು ಆ ಹಾಳೆ ಹಿಡಿದು ಮೇಜಿನ ಮುಂದೆ ಕೂತಳು. ಮೌನಿಯೇ ಬಗ್ಗಿದ ಮೇಲೆ ತನ್ನದೇನು? ಒಂದು ಸಹಿ. ಸಿನಿಮಾ ತಾನೆ. ನಿಜವಾದ ಸೇತುವೆಯೇನೂ ಬೀಳುವುದಿಲ್ಲ. ಹಾಕದಿದ್ದರೆ ಇವರ ಬಳಗದಲ್ಲಿ ಇನ್ನು ಕೆಲಸ ಸಿಗುವುದಿಲ್ಲ...

ಅಂಗೈ ಬೆವರಿದಂತಾಯಿತು. ಬಟ್ಟೆಗೆ ಒರೆಸಿಕೊಂಡಳು. ಒಂದು ಸಲ. ಎರಡು ಸಲ.

ತಟ್ಟನೆ ಅಂಗೈ ನೋಡಿಕೊಂಡಳು. ಅದು ಒದ್ದೆಯಾಗಿರಲೇ ಇಲ್ಲ!

'ಅಯ್ಯೋ... ಅದೇ ಸೀನು. ಇಲ್ಲಿ ನನ್ನ ಹಣೆಗೂ ಯಾರೂ ಗನ್ ಇಟ್ಟಿಲ್ಲ.'

ಹಾಳೆಯನ್ನು ಮಗುಚಿಟ್ಟಳು. ಸಹಿ ಹಾಕುವುದಿಲ್ಲ, ಅವನು ಏನಾದರೂ ಬರೆದುಕೊಳ್ಳಲಿ. ಬೇಸರದಿಂದ ಪೆನ್ನಿನ ಗುಂಡಿ ಒತ್ತಿದಳು.

ಟಕ್.

ಅವಳು ಪೆನ್ನನ್ನು ಮತ್ತೆ ನೋಡಿದಳು.

ಪೆನ್ನಿನ ಶಬ್ದ. ಮಾವ ಸಹಿ ಹಾಕಿದ್ದು ಮಸಿಪೆನ್ನಿನಲ್ಲಿ. ಅದು ಎಲ್ಲಿ ಟಕ್ ಅನ್ನುತ್ತದೆ? ಆ ದಿನ ಟಕ್ ಅಂದಿದ್ದು ಒಂದೇ ಪೆನ್ನು...

ನೋಟ್‌ಬುಕ್ ತೆರೆದಳು. ಎಡಿಟಿಂಗ್ ಕೋಣೆಗೆ ಓಡಿ ಅವನ ರಿಪೋರ್ಟಿನ ಪೂರ್ತಿ ಹಾಳೆ ಪಡೆದು ಎರಡನ್ನೂ ಅಕ್ಕಪಕ್ಕ ಇಟ್ಟಳು. ಅವಳ ಪಟ್ಟಿಯಲ್ಲಿ ಏಳು ಸಾಲು. ಅವನದರಲ್ಲಿ ಎಂಟು! ಅವನು ಮೌನಕ್ಕೂ ನಂಬರು ಕೊಡುತ್ತಿದ್ದ. ಸಾಮಾನ್ಯವಾಗಿ ಸೀನ್ ಮುಗಿದ ಮೇಲೆ ಮೌನ ಹಿಡಿಯುವುದರಿಂದ ಲೆಕ್ಕ ಎಂದೂ ತಪ್ಪಿರಲಿಲ್ಲ. ಆ ದಿನ ಮಾತ್ರ ಎಸಿ ಕೆಟ್ಟು ನಿಂತು ಕೋಣೆ ನಿಶ್ಶಬ್ದವಾಗಿದ್ದ ಹತ್ತು ನಿಮಿಷವನ್ನು ಬಿಡದೆ, ಆರನೇ ಟೇಕಿನ ನಂತರವೇ ಹಿಡಿದಿದ್ದ. ಅವನ ಏಳು ಎಂದರೆ ಅವಳು ಹಾಳು ಮಾಡಿದ ಮೌನ. ಅವಳ ಏಳು ಅವನಲ್ಲಿ ಎಂಟು.

ಫೋಟೊದಲ್ಲಿ ಇಲ್ಲದ ಆ ಎಂಟನೇ ಸಾಲಿನಲ್ಲಿ ಒಂದೇ ಮಾತಿತ್ತು: 'ಇದನ್ನು ಮುಟ್ಟಬೇಡಿ.'

'ನನ್ನ ತಪ್ಪು ಅಳಿಸೋಕೆ ಕೇಳ್ತಿದ್ದೀನಿ ಅಂತ ತಿಳ್ಕೊಂಡ್ರಾ...!' ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು.

ಎರಡೂ ಹಾಳೆ ಹಿಡಿದು ನಿರ್ದೇಶಕನ ಮುಂದೆ ನಿಂತಳು. ಮಾವನೂ ಅಲ್ಲೇ ಚಹಾ ಕುಡಿಯುತ್ತಿದ್ದರು.

"ಟೇಕ್ ಚೆನ್ನಾಗಿದೆ ಸಾರ್. ನಂಬರು ಅದಲುಬದಲಾಗಿದೆ. ನಾನು ಸಹಿ ಹಾಕಲ್ಲ."

ನಿರ್ದೇಶಕ ತಲೆ ತಗ್ಗಿಸಿದ. "ನಂಗೊತ್ತಿತ್ತಮ್ಮ. ಹಾಳೆ ನಾನೂ ನೋಡಿದ್ದೆ... ಸುಮ್ನಾದೆ. ಇನ್ಮುಂದೆ ಇವರು ನಿನಗೆ ಕೆಲಸ ಕೊಡಲ್ಲ, ಯೋಚಿಸಿದ್ದೀಯಾ?"

"ಯೋಚಿಸಿದ್ದೀನಿ."

ಮಾವ ಲೋಟ ಕೆಳಗಿಟ್ಟರು. "ಕೆಟ್ಟಿಲ್ಲ ಅಂದ್ಮೇಲೆ ನಾನು ಮತ್ತೆ ಮಾಡಲ್ಲ. ಕರಾರು ಕರಾರೇ. ಲೋ ನಿರ್ದೇಶಕ, ಇಂಥ ಸೀನ್ ಬರೆದವನು ನೀನು! ನಮ್ಮಂಥವರು ಬಗ್ಗೋದು ಹೇಗೆ ಅಂತ ಅಷ್ಟು ಚೆನ್ನಾಗಿ ಬರೆದು, ನೀನೇ ಬಗ್ಗಿಬಿಟ್ಟೆಯಲ್ಲೋ!"

ನಿರ್ದೇಶಕ ಮುಖ ಒರೆಸಿಕೊಂಡ. ಫೋನ್ ತೆಗೆದು ಮ್ಯಾನೇಜರ್‌ಗೆ ಹೇಳಿದ: "ಸೀನ್ ಹಾಗೇ ಇರುತ್ತೆ."

ಮೌನಿಯನ್ನು ಹುಡುಕಿಕೊಂಡು ಅವಳು ಹೋದಾಗ ಮಧ್ಯಾಹ್ನ ಮೂರು ಗಂಟೆ. ಮಂತ್ರಿಯ ಅದೇ ಕೋಣೆ. ಸೆಟ್ ಬಿಚ್ಚುವ ಮೊದಲು, ಎಸಿ ಆರಿಸಿ, ಹಾಳಾದ ಮೌನವನ್ನು ಮತ್ತೆ ಹಿಡಿಯಲು ಅವನೊಬ್ಬನೇ ಮೈಕ್ ನಿಲ್ಲಿಸುತ್ತಿದ್ದ.

"ಮಾವ ಫೋನ್ ಮಾಡಿದ್ರು," ಎಂದ, ತಿರುಗದೆ. "ಎಲ್ಲಾ ಹೇಳಿದ್ರು. ನಾನು ನಿಮ್ಮನ್ನ... ಛೆ. ಕೇಳಿಸಿಕೊಳ್ಳೋದೇ ನನ್ನ ಕೆಲಸ. ನೀವು ಹೇಳಿದ್ದನ್ನೇ ಸರಿಯಾಗಿ ಕೇಳಿಸಿಕೊಳ್ಳಲಿಲ್ಲ."

"ನೋಡೋದು ನನ್ನ ಕೆಲಸ. ನಾನೂ ಒಂದೇ ಸಾಲು ನೋಡ್ದೆ." ಅವಳು ಹತ್ತಿರ ಬಂದಳು. "ಆ ಹಾಳಾದ ಮೌನಾನ ಅಳಿಸಿಬಿಟ್ರಾ?"

ಅವನು ಹೆಡ್‌ಫೋನನ್ನು ಅವಳ ಕಿವಿಗಿಟ್ಟ. ಶೂನ್ಯ... ಹತ್ತೊಂಬತ್ತನೇ ಸೆಕೆಂಡಿಗೆ, ಟಕ್. ಅದರ ಬೆನ್ನಿಗೇ ತೀರ ಸಣ್ಣಗೆ, ಅವಳದೇ ದನಿ: 'ಅಯ್ಯೋ...'

"ಸಿನಿಮಾಕ್ಕೆ ಬಳಸಲಾಗದು," ಎಂದ ಅವನು. "ನನಗೆ ದಿನಾ ಬೇಕು."

ಅವಳ ಕಣ್ಣು ತುಂಬಿತು. "ಅಷ್ಟು ಹೇಳೋಕೆ ಒಂದೂವರೆ ತಿಂಗಳು ಬೇಕಾಯ್ತಾ ಮೌನಿ ಸಾಹೇಬ್ರಿಗೆ?"

"ಪೆನ್ ಕೆಳಗಿಡಿ. ಮೊದಲು ಮೌನ ತಗೋಬೇಕು."

ಅವಳು ನಗುತ್ತ ಪೆನ್ನನ್ನು ಕಿಟಕಿಯ ಕಟ್ಟೆಯ ಮೇಲಿಟ್ಟಳು. ಖಾಲಿಯಾದ ಆ ಕೈಯನ್ನು ಅವನು ಹಿಡಿದುಕೊಂಡ.

"ಇದಕ್ಕೆ ನಂಬರು ಎಷ್ಟು? ನಿಮ್ಮ ಲೆಕ್ಕದಲ್ಲಾ, ನನ್ನ ಲೆಕ್ಕದಲ್ಲಾ?"

"ಇನ್ಮೇಲೆ ಇಬ್ಬರಿಗೂ ಒಂದೇ ಲೆಕ್ಕ ಇರಲಿ," ಎಂದ ಅವನು. "ಆಗಬಹುದಾ?"

"ಶ್..." ಎಂದಳು ಅವಳು. "ರೆಕಾರ್ಡ್ ಆಗ್ತಿದೆ."

ಮೂವತ್ತು ಸೆಕೆಂಡು ಸಾಕಿತ್ತು. ಆದರೆ ಕಟ್ ಎನ್ನಲು ಇಬ್ಬರೂ ಮರೆತರು.

ಆ ದಿನದ ರಿಪೋರ್ಟಿನಲ್ಲಿ ಒಂದೇ ಸಾಲಿದೆ, ಕೆಳಗೆ ಇಬ್ಬರ ಸಹಿಯೂ ಇದೆ: ಟೇಕ್ 1, ಮೌನ, ಅವಧಿ 4 ನಿಮಿಷ 12 ಸೆಕೆಂಡು.