ಕರೆಂಟಿಲ್ಲದ ತಂತಿ

1987ರ ನವೆಂಬರ್ 18, ಬುಧವಾರ. ಬೆಳಗ್ಗೆ ಹನ್ನೊಂದು ಇಪ್ಪತ್ತಕ್ಕೆ ಮಾಗಡಿ ರಸ್ತೆಯ ಠಾಣೆಗೆ ಬಂದ ಚಿಕ್ಕಗಂಗಮ್ಮ, ಕೂರಲು ಹೇಳಿದರೂ ಕೂರಲಿಲ್ಲ. ಅವಳ ಸೆರಗಿಗೆ ರಕ್ತ ಮೆತ್ತಿತ್ತು. ಗಂಡ ಹನುಮಯ್ಯ ಕಾಮಾಕ್ಷಿಪಾಳ್ಯದ ಲೇತ್ ಕಾರ್ಖಾನೆಯೊಂದರ ವಾಚ್‌ಮನ್. ಅಲ್ಲಿ ಎಂಟು ದಿನದ ಹಿಂದೆ ಹಾಕಿದ, ದೂರದಿಂದಲೇ ಬಟನ್ ಒತ್ತಿ ತೆಗೆಯುವ ವೈರ್‌ಲೆಸ್ ಗೇಟಿಗೆ ಸಿಕ್ಕಿ ಅವನ ಬಲಗೈಯ ಮೂರು ಬೆರಳು ಹೋಗಿದ್ದವು.

"ಆ ಗೇಟು ಹಾಕಿದೋನು ಯಾರೋ, ಅವನನ್ನ ಹಿಡ್ಕೊಂಡು ಬನ್ನಿ ಸಾರ್," ಎಂದಳು. "ಅಂಗಿ ಗುಂಡಿ ಹಾಕೋಕೂ ಇನ್ನೊಬ್ಬರ ಕೈ ಕಾಯ್ಬೇಕು ಇನ್ನು ನನ್ನ ಗಂಡ."

ಇನ್‌ಸ್ಪೆಕ್ಟರ್ ಸೇತುರಾಮ ದೂರು ಬರೆಸಿಕೊಂಡರು. ನಿರ್ಲಕ್ಷ್ಯದಿಂದ ತೀವ್ರ ಗಾಯವೆಂದು ಎಫ್‌ಐಆರ್ ಆಯಿತು. ಆರೋಪಿ ಗೇಟು ಹಾಕಿದ ಶ್ಯಾಮಸುಂದರ, ವಯಸ್ಸು ಇಪ್ಪತ್ನಾಲ್ಕು, ಡಿಪ್ಲೊಮಾ ಓದಿದವನು. ಹುಡುಕುವ ಕಷ್ಟ ಕೊಡದೆ ಹನ್ನೆರಡೂವರೆಗೆ ತಾನೇ ಬಂದು ಬೆಂಚಿನ ತುದಿಯಲ್ಲಿ ಕುಳಿತ. ಕೇಸು ಮುಗಿಯುವವರೆಗೆ ಕೆಲಸಕ್ಕೆ ಬರಬೇಡವೆಂದು ಅವನ ಕಂಪನಿ ಆಗಲೇ ಫೋನಿನಲ್ಲಿ ಹೇಳಿಬಿಟ್ಟಿತ್ತು. ತಪ್ಪು ಸಾಬೀತಾದರೆ ಕೆಲಸವೂ ಇಲ್ಲ, ಜೈಲೂ ತಪ್ಪದು. ಎಷ್ಟು ಕೇಳಿದರೂ ಅವನ ಬಾಯಿಂದ ಒಂದೇ ಮಾತು.

"ಮುನ್ನೂರು ಅಡಿಯಿಂದ ತೆಗೀತಿತ್ತು ಸಾರ್. ಹದಿನೈದು ಸಲ ನೋಡಿದ್ದೆ."

ಮಧ್ಯಾಹ್ನ ಎರಡು ಗಂಟೆಗೆ ಕಾರ್ಖಾನೆಯಲ್ಲಿ ಪಂಚನಾಮೆ. ನಡೆದದ್ದನ್ನು ಮಾಲೀಕ ಶಂಭುಲಿಂಗಪ್ಪ ಹೇಳಿದರು. ದಿನದಂತೆ ಕಾರು ಮುನ್ನೂರು ಅಡಿ ದೂರದ ತಿರುವಿಗೆ ಬಂದಾಗ ಕೈಯಲ್ಲಿನ ಬಟನ್ ಒತ್ತಿದ್ದಾರೆ. ಗೇಟು ಅಲುಗಿಲ್ಲ. ತಳ್ಳಿ ತೆಗೆಯೋಣವೆಂದು ಹನುಮಯ್ಯ ಕಂಬಿ ಹಿಡಿದಿದ್ದಾನೆ. ಇವರು ಬಟನ್ ಒತ್ತುತ್ತಲೇ ಕಾರನ್ನು ಹತ್ತಿರ ತಂದಿದ್ದಾರೆ. ಇನ್ನೇನು ಇಪ್ಪತ್ತು ಅಡಿ ಇದೆ ಎನ್ನುವಾಗ ಗೇಟು ಜರ್ರೆಂದು ಸರಿದು, ಹಿಡಿದಿದ್ದ ಕೈಯನ್ನು ಗೋಡೆಯ ಕಂಬಕ್ಕೆ ಒತ್ತಿ ಅರೆದುಬಿಟ್ಟಿದೆ.

ಸೇತುರಾಮ ಅದೇ ಬಟನ್ ಹಿಡಿದು ತಿರುವಿನಿಂದ ನಡೆಯುತ್ತ ಬಂದರು. ಮುನ್ನೂರು ಅಡಿಯಲ್ಲಿ ಇಲ್ಲ, ನೂರರಲ್ಲಿ ಇಲ್ಲ. ಗೇಟಿನ ಮುಂದೆ ನಿಂತಾಗ ಮಾತ್ರ ಮೋಟಾರು ತಿರುಗಿತು.

"ಆಂಟೆನಾದಿಂದ ರಿಸೀವರ್‌ಗೆ ಏನೂ ಬರ್ತಿಲ್ಲ, ತೀರಾ ಹತ್ರದ ಸಿಗ್ನಲ್ ಮಾತ್ರ ಅದು ನೇರವಾಗಿ ಹಿಡೀತಿದೆ," ಎಂದ ಜೊತೆಯಲ್ಲಿ ಕರೆತಂದಿದ್ದ ಶ್ಯಾಮಸುಂದರ.

ರಿಸೀವರಿನ ಪೆಟ್ಟಿಗೆ ವಾಚ್‌ಮನ್ ಕೋಣೆಯೊಳಗೆ, ಆಂಟೆನಾ ಅದರ ತಾರಸಿಯ ಮೇಲೆ. ನಡುವಿನ ತಂತಿ ನೀರಿನ ತೊಟ್ಟಿಯ ಹಿಂದೆ ಹಾದುಹೋಗಿತ್ತು. ದಫೇದಾರರು ಮಂಡಿಯೂರಿ ಇಣುಕಿದರು. ತಂತಿ ಅಲ್ಲಿ ಎರಡು ತುಂಡಾಗಿತ್ತು. ಎರಡು ತುದಿಗೂ ಕಪ್ಪು ಟೇಪು ನೀಟಾಗಿ ಸುತ್ತಿತ್ತು. ಮುಂದೆ ಬಿಚ್ಚಲು ಸುಲಭವಾಗಲೆಂದು ಟೇಪಿನ ಕೊನೆಯನ್ನು ಒಳಕ್ಕೆ ಮಡಚಲಾಗಿತ್ತು.

"ಕಡಿದೋನು ಟೇಪ್ ಯಾಕೆ ಸುತ್ತಿದ?" ಎಂದು ಸೇತುರಾಮ ಕೇಳಿದರು.

ಶ್ಯಾಮಸುಂದರ ಬಗ್ಗಿ ಆ ತುದಿಯನ್ನು ನೋಡಿದ. "ಶಾಕ್ ಹೊಡೀಬಾರ್ದು ಅಂತ ಸುತ್ತೋದು ಸಾರ್. ಆದ್ರೆ ಇದು ಆಂಟೆನಾ ವೈರು. ಇದ್ರಲ್ಲಿ ಕರೆಂಟೇ ಇರಲ್ಲ."

ಸೇತುರಾಮ ಕೆಳಗಿಳಿದು ಕಾರ್ಖಾನೆಯ ಮೂರು ಸ್ವಿಚ್‌ಬೋರ್ಡ್ ಬಿಚ್ಚಿಸಿದರು. ಒಳಗಿನ ಪ್ರತಿ ಜೋಡಣೆಯಲ್ಲೂ ಅದೇ ಟೇಪು, ಅದೇ ಮಡಿಕೆ. ಇವೆಲ್ಲ ಯಾರ ಕೆಲಸವೆಂದು ಕೇಳಿದಾಗ ಮಾಲೀಕರ ದನಿಯಲ್ಲಿ ಹೆಮ್ಮೆಯೇ ಇತ್ತು. ಹದಿನೇಳು ವರ್ಷದಿಂದ ಇಲ್ಲಿನ ಎಲೆಕ್ಟ್ರಿಷಿಯನ್ ರಾಮಯ್ಯನೇ. ಬೇರೆಯವರ ಕೈ ಬಿದ್ದಿದ್ದು ಈ ಗೇಟಿಗೆ ಮಾತ್ರ.

ನಾಲ್ಕು ಗಂಟೆಗೆ ರಾಮಯ್ಯ ಠಾಣೆಯಲ್ಲಿ ಇನ್‌ಸ್ಪೆಕ್ಟರ್ ಎದುರು ನಿಂತಿದ್ದ. ಐವತ್ತರ ಆಸುಪಾಸಿನ ಸಣಕಲು ಆಳು, ಹೊಸಹಳ್ಳಿಯವನು. ಬೆಳಗ್ಗೆ ಹನುಮಯ್ಯನನ್ನು ಆಟೋಗೆ ಎತ್ತಿ ಹಾಕಿದವನು ಇವನೇ ಎಂದು ಕೆಲಸಗಾರರು ಹೇಳಿದ್ದರು. ಸೇತುರಾಮ ದನಿ ಏರಿಸಲಿಲ್ಲ.

"ರಾಮಯ್ಯ, ಕರೆಂಟಿಲ್ಲದ ವೈರಿಗೆ ಟೇಪ್ ಯಾಕೆ ಸುತ್ತಿದ್ರಿ?"

"ಅದ್ರಲ್ಲಿ ಕರೆಂಟ್ ಇರಲ್ವಾ ಸಾರ್?"

ಕೇಳಿದ ಮೇಲೆ ತಾನೇ ಒಪ್ಪಿಕೊಂಡಂತಾಯಿತೆಂದು ಅವನಿಗೆ ಹೊಳೆಯಿತು. ರಾಮಯ್ಯ ಗೋಡೆಗೆ ಒರಗಿ ಕುಳಿತು, ನಡೆದದ್ದನ್ನು ಹೇಳತೊಡಗಿದ.

ಆ ಕಾರ್ಖಾನೆಗೆ ಯಾವ ಹೊಸ ಮೆಷಿನು ಬಂದರೂ ಪೂಜೆ ಮುಗಿಸಿ ಮಾಲೀಕರು ಅವನನ್ನೇ ಕರೆಯುತ್ತಿದ್ದರು. ಮೊದಲ ಸ್ವಿಚ್ಚು ಹಾಕುವುದು ಅವನ ಕೈ. ಗೇಟಿನ ಪೂಜೆಯ ದಿನವೂ ರಾಮಯ್ಯ ಮಡಿ ಪಂಚೆ ಉಟ್ಟು ಬಂದು ಮುಂದೆ ನಿಂತಿದ್ದ. ಶಂಭುಲಿಂಗಪ್ಪ ಬಟನ್ನನ್ನು ಶ್ಯಾಮಸುಂದರನ ಕೈಗೆ ಕೊಟ್ಟರು. ದೂರದ ತಿರುವಿನಲ್ಲಿ ನಿಂತ ಹುಡುಗ ಬೆರಳು ಒತ್ತಿದ. ಯಾರೂ ಮುಟ್ಟದೆ ಗೇಟು ಸರಿಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ತಾನೂ ತಟ್ಟಿದೆ ಎಂದ ರಾಮಯ್ಯ.

"ಒಂದು ಸಲ ಎಲ್ಲರ ಮುಂದೆ ಕೆಟ್ಟು ನಿಲ್ಲಲಿ ಅಂತ ನಿನ್ನೆ ಸಂಜೆ ವೈರು ಕತ್ತರಿಸ್ದೆ ಸಾರ್. ಆಗ ನನ್ನ ಕರೀತಾರೆ, ನಾನು ಹತ್ತಿ ಸರಿ ಮಾಡ್ತೀನಿ ಅಂತ. ಹತ್ರ ಬಂದ್ರೆ ತಾನಾಗೇ ಓಡತ್ತೆ ಅಂತ ಗೊತ್ತಿರ್ಲಿಲ್ಲ. ಹನುಮಯ್ಯ ಹೋಗಿ ಕೈ ಇಡ್ತಾನೆ ಅಂತ..."

ಸೇತುರಾಮ ಹೇಳಿಕೆ ಬರೆದುಕೊಳ್ಳುವಂತೆ ದಫೇದಾರರಿಗೆ ಸನ್ನೆ ಮಾಡಿದರು. ತಮಗಿಂತ ನಾಲ್ಕು ವರ್ಷ ಕಿರಿಯನೊಬ್ಬನಿಗೆ ಹಿಂದಿನ ತಿಂಗಳು ಬಡ್ತಿ ಸಿಕ್ಕಾಗ ಅವರು ಹೋಗಿ ಕೈ ಕುಲುಕಿ, ಪೇಡೆ ತಿಂದು ಬಂದಿದ್ದರು. ಆ ರಾತ್ರಿ ಮನೆಯಲ್ಲಿ ಉಣ್ಣದೆ ತಟ್ಟೆಯ ಮುಂದಿನಿಂದ ಎದ್ದಿದ್ದರು. ಹೆಂಡತಿಗೆ ಕಾರಣ ಹೇಳಿರಲಿಲ್ಲ.

ಐದೂ ಕಾಲಿಗೆ ಶ್ಯಾಮಸುಂದರನಿಗೆ ಹೋಗಬಹುದೆಂದು ಹೇಳಿದರು. ಅವನು ಬಾಗಿಲಲ್ಲಿ ನಿಂತು ರಾಮಯ್ಯನನ್ನು ನೋಡಿದ. ಚಪ್ಪಲಿ ಮೆಟ್ಟಿ ಹೊರಟ.

ಐದು ಐವತ್ತಕ್ಕೆ ರಾಮಯ್ಯನ ಬಂಧನ ದಾಖಲಾಯಿತು. ದಫೇದಾರರು ಹೇಳಿಕೆ ಓದಿ ಹೇಳಿದರು. "ಸದರಿ ಶ್ಯಾಮಸುಂದರನ ಮೇಲಿನ ದ್ವೇಷದಿಂದ" ಎಂಬಲ್ಲಿ ರಾಮಯ್ಯ ತಲೆಯೆತ್ತಿದ.

"ದ್ವೇಷ ಅಲ್ಲ ಸಾರ್. ಒಳ್ಳೇ ಹುಡುಗ, ಎರಡು ದಿನ ನನ್ನ ಡಬ್ಬಿಯಲ್ಲೇ ಊಟ ಮಾಡಿದಾನೆ. ಹೊಟ್ಟೆಕಿಚ್ಚು ಅಂತ ಬರೀರಿ."

ದಫೇದಾರರು ಪೆನ್ನು ಎತ್ತಿ ಹಿಡಿದು ಸಾಹೇಬರ ಮುಖ ನೋಡಿದರು. ಸೇತುರಾಮ ಕಾಗದವನ್ನು ತಮ್ಮ ಕಡೆ ಎಳೆದುಕೊಂಡು, ಆ ಪದ ಹೊಡೆದುಹಾಕಿ, ಮೇಲೆ ತಮ್ಮ ಕೈಯಾರೆ "ಹೊಟ್ಟೆಕಿಚ್ಚಿನಿಂದ" ಎಂದು ಬರೆದರು. ಆಮೇಲೆ ರಾಮಯ್ಯನ ಮುಂದೆ ಸರಿಸಿದರು. ಅವನು ಎರಡು ಸಲ ಓದಿದ. ರುಜು ಹಾಕಿದ.