ಜಾರದ ಕಲ್ಲುಗಳು

ನಮ್ಮ ಇನ್‌ಸ್ಪೆಕ್ಟರ್ ಸಾಹೇಬರು ಸತ್ತ ಬಸವನಹುಳುವಿನ ಚಿಪ್ಪು ಮೂಸಿ ಕೊಂದವನ ಮನೆ ನಂಬರು ಹೇಳಬಲ್ಲರು. ಠಾಣೆಯ ಬರಹಗಾರ ಪೇದೆಯಾದ ನಾನೇ ಕಣ್ಣಾರೆ ಕಂಡವನು.

ಹದಿನಾಲ್ಕನೇ ತಾರೀಕು, ಬೆಳಿಗ್ಗೆ ಹತ್ತು ಗಂಟೆ ಐದು ನಿಮಿಷ. ತೊರೆಯ ನೀರು ಹಾಯಿಸಿ ತೊಟ್ಟಿಗಳಲ್ಲಿ ಮೀನುಮರಿ ಸಾಕುವ ಹೆಂಗಸು ದೂರು ಕೊಟ್ಟಳು.

"ತೊರೇಲಿ ಕಲ್ಲು ಜಾರ್ತಾ ಇಲ್ಲ ಸಾರ್."

"ಒಳ್ಳೇದೇ ಆಯ್ತಲ್ಲಮ್ಮ, ಸೊಂಟ ಉಳೀತು," ಎಂದ ಜೀಪಿನ ಚಾಲಕ.

"ಪಾಚಿ ಸತ್ತಿದೆ. ಅದನ್ನ ತಿನ್ನೋ ಹುಳಾನೂ ಇಲ್ಲ. ನನ್ನ ಮೂರು ತೊಟ್ಟೀಲಿ ಎರಡು ಖಾಲಿ. ಮೂರನೇದು ಉಳಿದ್ರೆ ನಾ ಉಳೀತೀನಿ."

ಕಣ್ಣು ಮಿಟುಕಿಸುವಷ್ಟರಲ್ಲಿ ಎಫ್‌ಐಆರ್ ದಾಖಲಾಯಿತು. ಅಷ್ಟು ಚುರುಕಿನ ಬರಹಗಾರ ಭೂಮಂಡಲದಲ್ಲಿ ಇನ್ನೊಬ್ಬನಿಲ್ಲ.

ಹನ್ನೊಂದು ನಲವತ್ತಕ್ಕೆ ಸ್ಥಳ ಪಂಚನಾಮೆ. ನೀರು ಕನ್ನಡಿಯಂತೆ ತಿಳಿ. ಇಬ್ಬರು ಪಂಚರ ಎದುರಿಗೆ ಸಾಹೇಬರು ಒಂಬತ್ತು ಸಾವಿರ ಕಲ್ಲು ಮಗುಚಿದರು. ಕಾಗದ ಸಾಲದೆ ನಲವತ್ತು ಎಂದು ಬರೆದಿದೆ. ಒಂದರಡಿಯೂ ಜೀವವಿಲ್ಲ. ಪೇದೆಯೊಬ್ಬ ನೀರಿನಲ್ಲೇ ಮೇಲಕ್ಕೆ ನಡೆದ. ಕಾಲುಚೀಲದ ಕಾರ್ಖಾನೆಯ ಹಿತ್ತಿಲು ದಾಟಿ ಹತ್ತು ಹೆಜ್ಜೆಗೆ ದಬಕ್ಕನೆ ಜಾರಿಬಿದ್ದ.

"ಸಾರ್, ಇಲ್ಲಿ ಪಾಚಿ ಇದೆ!"

ಅಂದರೆ ವಿಷ ಸೇರುವುದು ಆ ಹಿತ್ತಿಲಲ್ಲಿ. ಹತ್ತೊಂಬತ್ತನೇ ತಾರೀಕಿಗೆ ಪ್ರಯೋಗಾಲಯದ ವರದಿ ಬಂತು: ನೀರಿನಲ್ಲಿ ಬೆಳ್ಳಿಯ ಕಣಗಳು, ಕಣ್ಣಿಗೆ ಕಾಣದಷ್ಟು ಸಣ್ಣವು. ವಾಸನೆ ಹಿಡಿಯದಿರಲೆಂದು ಕಾಲುಚೀಲಗಳನ್ನು ಅದ್ದುವುದು ಅದರಲ್ಲೇ. ಅದ್ದುವ ಬಾನಿ ತೊಳೆಯುವ ಮುದುಕನನ್ನು ಕರೆತಂದರು.

"ಉಳಿದ ನೀರು ಎಲ್ಲಿ ಹಾಕ್ಬೇಕು?"

"ಕಾರ್ಖಾನೆ ಗುಂಡಿಗೆ."

"ಎಲ್ಲಿ ಹಾಕ್ದೆ?"

"ತೊರೆಗೆ. ದಿನಾ ಎರಡು ಕೊಡ."

"ಯಾರು ಹೇಳಿದ್ದು?"

"ಯಾರೂ ಇಲ್ಲ ಸ್ವಾಮಿ. ಮೊಮ್ಮಗಳು ತೊರೆ ನೀರು ಕುಡಿದು ವಾಂತಿಭೇದಿ ಆಗಿ ಎಂಟು ದಿನ ಆಸ್ಪತ್ರೇಲಿದ್ಲು. ಬೆಳ್ಳಿ ಕ್ರಿಮಿ ಕೊಲ್ಲುತ್ತೆ ಅಂತಾರಲ್ಲ. ಇನ್ನೊಂದ್ಸಲ ಅವಳಿಗೆ ಹಾಗಾಗಬಾರದು ಅಂತ ಸುರಿದೆ."

ಸಂಜೆ ನಾಲ್ಕು ಇಪ್ಪತ್ತಕ್ಕೆ ಬಂಧನ. ಹೆಬ್ಬೆಟ್ಟು ಒತ್ತಿ, ಬೆರಳನ್ನು ಅಂಗಿಗೆ ಒರೆಸಿಕೊಳ್ಳುತ್ತ ಮುದುಕ ಕೇಳಿದ, "ಈಗ ಆ ನೀರು ಮಗು ಕುಡೀಬಹುದಾ?"

ಮಾರನೆಯ ದಿನ ಹೆಂಗಸು ಎಫ್‌ಐಆರ್ ಪ್ರತಿಗೆ ಬಂದಳು. ನಿಂತಲ್ಲೇ ಓದಿದಳು.

"ಅಣ್ಣಾ, ಹದಿನಾಲ್ಕು ಅಂತ ಬರ್ದಿದ್ದೀರಿ. ನಾ ಮೊದಲು ಬಂದಿದ್ದು ಎರಡನೇ ತಾರೀಕಲ್ವಾ?"

ಸಾಹೇಬರು ಕಡತದಿಂದ ತಲೆ ಎತ್ತಿದರು. "ಏನ್ರೀ ಇದು?"

ನಾನು ಪೆನ್ನಿನ ಮುಚ್ಚಳ ಹುಡುಕತೊಡಗಿದೆ.

"ಮೂರನೇ ತೊಟ್ಟಿ?" ಎಂದು ಅವಳನ್ನು ಕೇಳಿದರು.

"ನಿನ್ನೆ ಬಸಿದುಬಿಟ್ಟೆ ಸಾರ್."

ಹೌದು, ಎರಡಕ್ಕೇ ಬಂದಿದ್ದಳು. ಕಲ್ಲು ಜಾರದಿದ್ದರೆ ಯಾರ ಮೇಲೆ ಕೇಸು ಹಾಕಲಿ ತಾಯಿ ಎಂದು ನಕ್ಕು ವಾಪಸು ಕಳಿಸಿದವನು ನಾನು. ಅವತ್ತು ಮೂರೂ ತೊಟ್ಟಿಗಳಲ್ಲಿ ಮರಿಗಳು ಮಿಸುಕಾಡುತ್ತಿದ್ದವು. ನಡುವೆ ಹೋದದ್ದು ಹನ್ನೆರಡು ದಿನ. ಇದರಲ್ಲಿ ಒಂದು ದಿನವನ್ನೂ ಹೆಚ್ಚಿಸಿ ಹೇಳಿಲ್ಲ.