ಮರಿಯಮ್ಮನಿಗೆ ಮುಡಿಪಿಟ್ಟ ಓಲೆ

ಡಬ್ಬಿ ಇತ್ತು, ಓಲೆ ಇರಲಿಲ್ಲ.

ಸೆಗೋವಿಯಾದ ಕೆಥೆಡ್ರಲ್ಲಿನಲ್ಲಿ ಮರಿಯಮ್ಮನ ಮುಂದೆ ನಿಂತು ದೋನ್ಯಾ ಉರ್ಸುಲಾ ಖಾಲಿ ಡಬ್ಬಿಯನ್ನು ಮತ್ತೊಮ್ಮೆ ಅಲುಗಾಡಿಸಿದರು. ತಾಯಿಯ ಹವಳದೋಲೆಗಳನ್ನು ಇಲ್ಲಿ ಒಪ್ಪಿಸಲೆಂದೇ ಅವರು ಮ್ಯಾಡ್ರಿಡ್‌ನಿಂದ ಕಾರು ಮಾಡಿಕೊಂಡು ಬಂದಿದ್ದರು.

“ನಿಮ್ಮ ಡ್ರೈವರ್‌ದೇ ಕೆಲಸ,” ಎಂದರು ಮಾರ್ಗದರ್ಶಿ ಮಾರ್ಸೆಲಾಗೆ. “ಊಟಕ್ಕೆ ಕೂರೋ ಮುಂಚೆ ಓಲೆ ನೋಡಿ ಡಬ್ಬಿ ಕೋಟಿನ ಜೇಬಲ್ಲಿಟ್ಟೆ. ಕೋಟು ಹೋಟೆಲಿನ ಪಡಸಾಲೆಯಲ್ಲಿ ನೇತುಹಾಕಿತ್ತು. ಅಲ್ಲಿ ಕೂತಿದ್ದೋನು ಅವನೊಬ್ಬನೇ. ಐದು ಗಂಟೆಗೆ ನಿಮ್ಮ ಕಂಪನಿ ಯಜಮಾನರಿಗೆ ಫೋನ್ ಮಾಡ್ತೀನಿ.”

ಮಾರ್ಸೆಲಾಗೆ ಹಣೆ ಚಚ್ಚಿಕೊಳ್ಳುವಂತಾಯಿತು. ಬೆಳಗ್ಗೆ ಯಾರ ಮುಖ ನೋಡಿ ಎದ್ದಿದ್ದಳೋ! ಕೋಟೆಯ ಗೋಪುರಕ್ಕೆ ರಿಪೇರಿಯೆಂದು ಬೀಗ. ಕಾರು ನಿಲ್ಲಿಸಲು ಜಾಗವಿಲ್ಲದೆ ಊರೆಲ್ಲ ಮೂರು ಸುತ್ತು. ಊಟದಲ್ಲಾದರೂ ನೆಮ್ಮದಿಯೇ? ತಟ್ಟೆಯ ಅಂಚಿನಿಂದಲೇ ಎಳೆ ಹಂದಿಮರಿಯನ್ನು ಕತ್ತರಿಸಿದ ಹೋಟೆಲಿನವನು ಊರಿನ ಪದ್ಧತಿಯಂತೆ ಆ ತಟ್ಟೆಯನ್ನು ಒಡೆಯಲೆಂದು ನೆಲಕ್ಕೆ ಅಪ್ಪಳಿಸಿದರೆ, ಹಾಳಾದ್ದು ಒಡೆಯಲೇ ಇಲ್ಲ. ಉರುಳಿಕೊಂಡು ಹೋಗಿ ಪಕ್ಕದ ಮೇಜಿನಡಿ ಸೇರಿತು. ಅವನ ಮಾನ ಉಳಿಯಲೆಂದು ಯಾರೂ ಮತ್ತೆ ಆ ಮಾತೆತ್ತಲಿಲ್ಲ. ಉರ್ಸುಲಾ ಮಾತ್ರ ಅರ್ಧ ಊಟಕ್ಕೇ ಮುಖ ಗಂಟಿಕ್ಕಿಕೊಂಡು ಎದ್ದಿದ್ದರು.

ಡ್ರೈವರ್ ಎಲಾದಿಯೊ ಬಾಗಿಲ ಬಳಿ ಟೋಪಿ ಹಿಸುಕುತ್ತ ನಿಂತಿದ್ದ. ಮಾರ್ಸೆಲಾಗೆ ಈ ಕೆಲಸ ಕೊಡಿಸಿದ್ದೇ ಅವನು. ಕಳ್ಳತನದ ದೂರು ಹೋದರೆ ಸಂಜೆಗೇ ಅವನ ಕೈಯಿಂದ ಕಾರಿನ ಕೀಲಿ ಹೋಗುತ್ತಿತ್ತು.

“ಪಡಸಾಲೆ ಬಿಟ್ಟು ಎದ್ದಿದ್ರಾ?”

“ಕಾರು ಅಡ್ಡ ಇದೆ ಅಂತ ಯಾರೋ ಕೂಗಿದ್ರು. ಐದು ನಿಮಿಷ ಹೋಗಿದ್ದೆ.”

“ಯಾವಾಗ?”

“ಒಳಗೆ ಎಲ್ರೂ ಹಂದಿಮರಿ ಸುತ್ತ ನಿಂತಾಗ.”

“ನೀವು ಹೋಗಿದ್ದನ್ನ ಯಾರಾದ್ರೂ ನೋಡಿದ್ರಾ?”

“ಯಾರು ನೋಡ್ತಾರೆ? ಎಲ್ರ ಕಣ್ಣೂ ತಟ್ಟೆ ಮೇಲೆ. ಬಿಡು ಮಗಳೇ, ಅಮ್ಮಾವ್ರು ಆಗ್ಲೇ ತೀರ್ಮಾನ ಮಾಡಿದಾರೆ.”

ಉಳಿದವನು ಜೊತೆಗೆ ಬಂದಿದ್ದ ಫೆರ್ಮಿನ್ — ಉರ್ಸುಲಾರ ಅಣ್ಣನ ಮಗ. ಕಳೆದ ಚಳಿಗಾಲ ಆಸ್ಪತ್ರೆಯಲ್ಲಿ ಸಾವಿನ ಬಾಗಿಲು ತಟ್ಟಿ ಬಂದವನು. ಇನ್ನೂ ಮುಖ ಬಿಳಿಚಿಕೊಂಡಿತ್ತು.

“ನನ್ನೇನು ಕೇಳ್ತೀರಿ? ಅತ್ತೆ ಕುರ್ಚಿ ಹಿಂದೇನೇ ನಿಂತಿದ್ದೆ. ಕತ್ತರಿಸಿದ್ದು, ತಟ್ಟೆ ಹೊಡೆದಿದ್ದು, ಎಲ್ಲಾ ನೋಡ್ದೆ. ಒಂದು ಚೂರು ಸಿಡಿದು ನನ್ನ ಬೂಟಿಗೇ ಬಡೀತು.”

ಮಾರ್ಸೆಲಾ ತಲೆಯಾಡಿಸಿ ಹೊರಟಳು. ಐದಕ್ಕೆ ಹತ್ತು ನಿಮಿಷ. ಕೈಗೆ ಏನೂ ಸಿಗಲಿಲ್ಲ. ಕಂಬದ ಬಳಿ ಒಬ್ಬಾಕೆ ಮೇಣದ ಚೂರುಗಳನ್ನು ಗುಡಿಸುತ್ತಿದ್ದಳು. ಮಾರ್ಸೆಲಾ ಆ ಪೊರಕೆಯನ್ನೇ ನೋಡುತ್ತ ನಿಂತಳು. ಥತ್, ಎಂಥ ಪೆದ್ದು ತಾನು!

ತಿರುಗಿ ಬಂದಳು.

“ಫೆರ್ಮಿನ್ ಅವರೇ, ಆ ಚೂರುಗಳನ್ನ ಆಮೇಲೆ ಗುಡಿಸಿದ್ದು ಯಾರು?”

“ಯಾರೋ ಹೋಟೆಲಿನ ಹೆಂಗಸು. ನೋಡ್ದೆನಲ್ಲ.”

“ಏನು ಚೂರು?” ಎಂದರು ಉರ್ಸುಲಾ. “ತಟ್ಟೆ ಒಡೀಲೇ ಇಲ್ವಲ್ಲೋ?”

ಫೆರ್ಮಿನ್‌ನ ಕೈ ತನ್ನ ಜೇಬಿನ ಮೇಲೆ ಹೋಯಿತು.

“ಅಪ್ಪಳಿಸಿದ ಸದ್ದು ನಿಮಗೆ ಪಡಸಾಲೆಗೇ ಕೇಳಿಸಿತ್ತು,” ಎಂದಳು ಮಾರ್ಸೆಲಾ. “ತಟ್ಟೆ ಹೊಡೆದ ಮೇಲೆ ಚೂರಾಗಲೇಬೇಕು ಅಂತ ನಮ್ಮ ಕಡೆ ಯಾರಾದ್ರೂ ಕಣ್ಮುಚ್ಚಿ ಹೇಳ್ತಾರೆ. ನೀವೂ ಹಾಗೇ ಹೇಳಿದ್ರಿ. ಒಳಗಿದ್ದೋರಿಗೆ ಮಾತ್ರ ಗೊತ್ತು, ಇವತ್ತು ಅದು ಒಡೀಲಿಲ್ಲ ಅಂತ. ಎಲಾದಿಯೊ ಹೊರಗೆ ಹೋಗಿದ್ರು, ನೀವು ಕೋಟಿನ ಹತ್ರ ಇದ್ರಿ. ಓಲೆ ತೆಗೆದದ್ದು ನೀವೇ.”

“ಜೇಬಲ್ಲಿರೋದು ತೆಗಿ,” ಎಂದರು ಉರ್ಸುಲಾ.

ಕನ್ನಡಕದ ಪೆಟ್ಟಿಗೆಯಿಂದ ಓಲೆಗಳು ಹೊರಬಂದವು.

“ಅಜ್ಜಿ ಒಡವೆ ಅತ್ತೆ. ಇಗರ್ಜಿಗೆ ಯಾಕೆ ಸುರೀಬೇಕು? ನನಗೂ ಹಕ್ಕಿಲ್ವಾ?”

ಉರ್ಸುಲಾ ಓಲೆಗಳನ್ನು ಅಂಗೈಯಲ್ಲಿ ಬಿಗಿಹಿಡಿದರು.

“ಡಾಕ್ಟರು ಕೈಚೆಲ್ಲಿದ ದಿನ ಹರಕೆ ಹೊತ್ತಿದ್ದೆ. ನೀನು ಉಳಿದ್ರೆ ಇವನ್ನ ತಾಯಿಗೆ ಕೊಡ್ತೀನಿ ಅಂತ. ನೀನು ಉಳಿದೆ.”

ಓಲೆ ಒಪ್ಪಿಸಿ ಬಂದವರು ನೇರ ಎಲಾದಿಯೊನ ಮುಂದೆ ನಿಂತರು.

“ತಪ್ಪಾಯ್ತು ನಂದು, ಕ್ಷಮಿಸಿ. ಹೊರಡೋಣ. ಇವನು ಬಸ್ಸಲ್ಲಿ ಬರಲಿ.”

ಎಲಾದಿಯೊ ಟೋಪಿ ಹಾಕಿಕೊಂಡ.

“ಕಾಯಿಲೆಯಿಂದ ಎದ್ದ ಮನುಷ್ಯ, ಅಮ್ಮಾ. ಹೊರಗೆ ಚಳಿ ಇದೆ,” ಎಂದವನು ಹೋಗಿ ಕಾರಿನ ಹಿಂದಿನ ಬಾಗಿಲನ್ನು ಫೆರ್ಮಿನ್‌ಗಾಗಿ ತೆರೆದು ಹಿಡಿದ.